ಕಚ್ಚವ್ವನ ಬಾಯಿ ಕಟ್ಟಿದ ಚಳಿಗಾಲ

ಒಮ್ಮೆ ಹೊರಟ ಅಪ್ಪಣೆ ಎಂದೂ ಅಳಿಯಬಾರದು, ಅಳಿದರೆ ಜೀವವೇ ಹೋಗುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಪುರಾವೆ ಯಾರೂ ಕೇಳಲಿಲ್ಲ.

ಜಗತ್ತು ಹೊಸದಾಗಿತ್ತು. ಹೊಸದು ಎಂದ ಮಾತ್ರಕ್ಕೆ ಚೆನ್ನಾಗಿತ್ತು ಎಂದೇನಲ್ಲ. ಹುಲ್ಲಿಲ್ಲ, ಹಕ್ಕಿಯಿಲ್ಲ. ಒಂದು ಬಂಡೆ, ಬಂಡೆಯ ಗುಳಿಯಲ್ಲಿ ಒಂದಿಷ್ಟು ನೀರು, ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಪುಟ್ಟ ಜೀವಿ. ಇಂದು ನಾವು ಅದನ್ನು ಬ್ಯಾಕ್ಟೀರಿಯಾ ಎನ್ನುತ್ತೇವೆ. ಅದರೊಳಗೆ ಇದ್ದವರು ಅದನ್ನು ಮನೆ ಎನ್ನುತ್ತಿದ್ದರು.

ಮನೆಯ ನಡುವೆ ಒಂದು ದೊಡ್ಡ ಗ್ರಂಥ. ಅದನ್ನು ನೋಡಿಕೊಂಡು ನಕಲುಗಾರ ಸಂಗಯ್ಯ ನಾಲ್ಕು ಬಗೆಯ ಮಣಿಗಳನ್ನು ಸರವಾಗಿ ಪೋಣಿಸುತ್ತಿದ್ದ. ಒಂದೊಂದು ಸರವೂ ಒಂದೊಂದು ಅಪ್ಪಣೆ. ನೇಕಾರರು ಸರವನ್ನು ಮಗ್ಗಕ್ಕೆ ಕಟ್ಟಿ, ಮಣಿ ಮಣಿ ನೋಡಿ, ಅದು ಹೇಳಿದ್ದನ್ನು ನೇಯುತ್ತಿದ್ದರು. ಅವರದೊಂದು ಪದ್ಧತಿ: ಸರ ಬಂದರೆ ಮೊದಲು ಕಣ್ಣಿಗೆ ಒತ್ತಿಕೊಳ್ಳಬೇಕು. ಮಗ್ಗಕ್ಕೆ ಕಟ್ಟಿದ ಮೇಲೆ ತಮ್ಮ ಕೈಯಾರೆ ಬಿಚ್ಚಬಾರದು.

ಯಾರ ಮಾತನ್ನೂ ಕೇಳದೆ ಬಿಚ್ಚುವವಳು ಒಬ್ಬಳೇ, ಕಚ್ಚವ್ವ. ಸರದ ತುದಿ ಹಿಡಿದು ಮಣಿ ಮಣಿಯಾಗಿ ಕಚ್ಚಿ ಬಿಡಿಸುವುದೇ ಅವಳ ಕೆಲಸ. ಬೇಕಾದ್ದಕ್ಕಿಂತ ಉದ್ದ ಬಂದ ಸರಗಳ ಬಾಲ ಕಡಿದು ಒಪ್ಪ ಮಾಡುತ್ತಿದ್ದವಳೂ ಅವಳೇ. ಅದಕ್ಕೆ ಯಾರೂ ಹೊಗಳಲಿಲ್ಲ. ಹಾಳು ಮಾಡಿದ್ದು ಮಾತ್ರ ಎಲ್ಲರ ಕಣ್ಣಿಗೆ ಬಿತ್ತು.

ಒಂದು ದಿನ ಬಡಗಣ ಗಾಳಿ ಬಂಡೆಯ ಮೇಲೆ ಬಂದು ಕೂತಿತು.

"ಈ ಸಲ ನಾ ಲಗೂನ ಹೋಗಂಗಿಲ್ಲ," ಅಂದಿತು.

"ಯಾರು ಕರದಿದ್ರು ನಿನ್ನ?" ಅಂದಿತು ಬಂಡೆ.

ನೀರು ಕೊರೆಯತೊಡಗಿತು. ಮನೆಯ ಗೋಡೆ ಸೆಟೆಯಿತು. ಸರಗಳು ಮುದುಡಿ ಗಂಟುಬಿದ್ದವು. ಗಂಟಾದ ಸರವನ್ನು ಓದುವುದು ಹೇಗೆ? ಸಂಗಯ್ಯ ತಡಮಾಡಲಿಲ್ಲ, ಸರಗಳಿಗೆ ಹೊದಿಸುವ ಕಂಬಳಿ ನೇಯಿರಿ ಎಂಬ ಅಪ್ಪಣೆ ಪೋಣಿಸಿದ. ಒಂದಲ್ಲ, ನೂರು; ಚಳಿಗೂ ಗಂಟಾಗದಂಥವು.

ಕಂಬಳಿಗಳು ಇಳಿದವು. ಕಚ್ಚವ್ವ ಎಂದಿನಂತೆ ಒಂದು ಸರದ ತುದಿಗೆ ಬಾಯಿ ಹಾಕಿದಳು.

"ಏ, ಬಿಡು!" ನೇಕಾರರ ಹಿರಿಯ ಗುರಪ್ಪ ಮಗ್ಗ ಬಿಟ್ಟು ಎದ್ದು ಬಂದ. "ಚಳಿಗೆ ಮಂದಿ ಸಾಯಾಕತ್ತಾರ. ನಿನಗ ಕಂಬಳಿ ಸರಾನ ಬೇಕಾತೇನು ತಿನ್ನಾಕ?"

"ತಿನ್ನಾಕಲ್ಲೋ ಯಪ್ಪಾ. ಹಳೇದು ಬಿಡಿಸಲಿಲ್ಲಂದ್ರ ಹೊಸದಕ್ಕ ಮಣಿ ಎಲ್ಲಿಂದ ತರ್ತೀರಿ?"

"ಹಸಿವಿಗೊಂದು ನೆಪ ಬೇಕು ನೋಡು," ಅಂದ ಗುರಪ್ಪ. ನಗುವಷ್ಟು ಬೆಚ್ಚಗೆ ಯಾರೂ ಇರಲಿಲ್ಲ. ಆದರೂ ನಕ್ಕರು.

ಕಂಬಳಿಯ ಚೂರಿನಿಂದಲೇ ಅವಳ ಬಾಯಿ ಕಟ್ಟಿ ಮೂಲೆಗೆ ತಳ್ಳಿದರು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಗಂಟುಗಳು ಸಡಿಲಿದವು. ಮನೆ ಚಳಿಗೆ ಹೊಂದಿಕೊಂಡಿತು. "ನೋಡಿದಿಲ್ಲ?" ಎಂದು ಗುರಪ್ಪ ಮೂಲೆಯ ಕಡೆ ತಿರುಗಿ ಕೇಳಿದ. ಬಾಯಿ ಕಟ್ಟಿಸಿಕೊಂಡವರ ಜೊತೆ ವಾದ ಗೆಲ್ಲುವುದು ಸುಲಭ.

ಈಗ ಬೇಕಾದದ್ದು ಕಂಬಳಿಯಲ್ಲ, ಅನ್ನ. ಹೊರಗಿನ ನೀರಿನಲ್ಲಿ ಸಕ್ಕರೆಯ ಕಣಗಳು ತೇಲುತ್ತಿದ್ದವು. ಹಿಡಿಯಲು ಬಲೆ ಬೇಕು. ಬಲೆಗೆ ಹೊಸ ಅಪ್ಪಣೆ ಬೇಕು. ಸಂಗಯ್ಯ ಮಣಿಯ ಬುಟ್ಟಿಗೆ ಕೈ ಹಾಕಿದ. ತಳ ತಗುಲಿತು. ಬೆರಳಿಗೆ ಸಿಕ್ಕಿದ್ದು ಮೂರೇ ಮಣಿ.

"ಗುರಪ್ಪ, ಒಂದು ಮಗ್ಗ ಖಾಲಿ ಮಾಡಿ ಕೊಡು. ಆ ಸರದ ಮಣೀನೂ ಬೇಕು."

"ಬಿಚ್ಚಬಾರದಲ್ಲ ಸಂಗಯ್ಯಾರ."

"ಬಿಚ್ಚದಿದ್ರ?"

ಗುರಪ್ಪ ಮತ್ತೆ ಮಗ್ಗಕ್ಕೆ ಕೈ ಹಾಕಿದ. ಮಗ್ಗಗಳು ಕಂಬಳಿ, ಕಂಬಳಿ ಎಂದು ಬಡಿಯುತ್ತಲೇ ಇದ್ದವು. ನಿಲ್ಲಿಸು ಎಂದು ಯಾವ ಸರವೂ ಹೇಳುವುದಿಲ್ಲ. ಅದು ಹೇಳುವುದು ನೇಯು ಎಂದಷ್ಟೇ.

ಕಚ್ಚವ್ವ ಮೂಲೆಯಿಂದ ನೋಡುತ್ತಿದ್ದಳು. ದೂರದ ಮಗ್ಗವೊಂದು ನಿಧಾನವಾಯಿತು. ನೇಕಾರನ ಕೈಯಿಂದ ಲಾಳಿ ಜಾರಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಅದರ ಪಕ್ಕದ್ದೂ ನಿಂತಿತು. ಯಾರಿಗೂ ಬೇಡದ ಕಂಬಳಿಗಳ ರಾಶಿಯ ಹಿಂದೆ ಗೋಡೆ ಕಿರ್ರೆಂದು ಬಾಗಿತು. ಅವಳು ಕೂಗಿದಳು. ಕಟ್ಟಿದ ಬಾಯಿಂದ ಬಂದದ್ದು ಬರೀ ಗೊರಗೊರ.

ಮಗ್ಗಗಳು ಹೆಚ್ಚುಕಡಿಮೆ ಎಲ್ಲವೂ ನಿಂತಾಗ ಗುರಪ್ಪ ತೆವಳಿಕೊಂಡು ಬಂದ. ಅವಳ ಬಾಯಿಗೆ ಕಟ್ಟಿದ್ದ ಗಂಟು ಬಿಚ್ಚಿದ. ಮೂರು ಸಲ ತಪ್ಪಿ ನಾಲ್ಕನೇ ಸಲ.

"ಯಾವುದರಿಂದ ಸುರು ಮಾಡಲಿ?" ಕಚ್ಚವ್ವ ಕೇಳಿದಳು. ಬೈಯಲು ಉಸಿರಿರಲಿಲ್ಲ.

"ನನ್ನ ಮಗ್ಗದ್ದ," ಅಂದ ಗುರಪ್ಪ. ಮುಖ ಆಚೆ ತಿರುಗಿಸಿದ.

ಅವಳು ತುದಿ ಹಿಡಿದಳು. ಟಕ್. ಒಂದು ಮಣಿ. ಟಕ್. ಮತ್ತೊಂದು. ಮಗ್ಗಕ್ಕೆ ಕಟ್ಟಿದ ಸರ ಬಿಚ್ಚಿತು, ಇನ್ನು ಜೀವ ಹೋಗುತ್ತದೆಂದು ಎಲ್ಲರೂ ಕಣ್ಣು ಮುಚ್ಚಿದರು. ಟಕ್, ಟಕ್. ಸಂಗಯ್ಯ ಮಾತ್ರ ಕಣ್ಣು ಮುಚ್ಚಲಿಲ್ಲ. ಅಂಗಾತ ಬಿದ್ದಲ್ಲಿಂದಲೇ ಮಣಿ ಹೆಕ್ಕಿ ಹೆಕ್ಕಿ ಬಲೆಯ ಸರ ಪೋಣಿಸಿದ. ಖಾಲಿಯಾದ ಮಗ್ಗದಲ್ಲಿ ಗುರಪ್ಪ ಬಲೆ ನೇಯ್ದ. ಬಲೆ ಗೋಡೆಯಾಚೆ ಇಳಿಯಿತು.

ಏನೂ ಸಿಗಲಿಲ್ಲ.

ಇನ್ನೂ ಏನೂ ಸಿಗಲಿಲ್ಲ.

ಆಮೇಲೆ ಬಲೆ ಒಂದಿಷ್ಟು ಜಗ್ಗಿತು. ಒಂದು ಕಣ ಸಕ್ಕರೆ. ದೂರದಲ್ಲಿ ಬಿದ್ದಿದ್ದ ನೇಕಾರ ಲಾಳಿಗಾಗಿ ತಡಕಾಡಿದ.

ಗುರಪ್ಪ ಬಲೆಯ ಸರವನ್ನು ಕಣ್ಣಿಗೆ ಒತ್ತಿಕೊಳ್ಳಲು ಹೋದ. ಅದರ ಇನ್ನೊಂದು ತುದಿ ಆಗಲೇ ಕಚ್ಚವ್ವನ ಬಾಯಲ್ಲಿತ್ತು.

"ಏ ಯವ್ವಾ, ಇದನ್ನೂ?"

"ಇದನ್ನೂ."

ಅವನಿಗೆ ಇಷ್ಟವಾಗಲಿಲ್ಲ. ಆದರೆ ಬಾಯಿ ಕಟ್ಟಲಿಲ್ಲ.

ಎಷ್ಟೋ ಕಾಲದ ಮೇಲೆ ಅಂಥದೇ ಒಂದು ಪುಟ್ಟ ಮನೆಯನ್ನು ದೊಡ್ಡದೊಂದು ಜೀವಿ ನುಂಗಿತು. ನುಂಗಿದ್ದು ಅರಗಲಿಲ್ಲ, ಅಲ್ಲೇ ಒಕ್ಕಲಾಯಿತು. ಅದನ್ನೀಗ ಮೈಟೋಕಾಂಡ್ರಿಯಾ ಎನ್ನುತ್ತಾರೆ. ನಿನ್ನ ಮೈಯಲ್ಲೂ ಇದೆ. ಅಲ್ಲೂ ಕಚ್ಚವ್ವನ ವಂಶದವರು ಸರ ಬಿಡಿಸುತ್ತ ಕೂತಿದ್ದಾರೆ.

ಫ್ರಿಜ್ಜಿನಿಂದ ತೆಗೆದ ಒಂದು ಚಮಚ ತಣ್ಣನೆ ಮೊಸರನ್ನು ಅಮ್ಮ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕುತ್ತಾಳಲ್ಲ. ಅದರಲ್ಲಿರುವ ಬ್ಯಾಕ್ಟೀರಿಯಾ ಚಳಿಯ ಕೆಲಸ ಬಿಟ್ಟು ಹಾಲಿನ ಕೆಲಸ ಹಿಡಿಯುತ್ತದೆ, ಹಾಲು ಗಟ್ಟಿ ಮೊಸರಾಗುತ್ತದೆ, ಏಕೆಂದರೆ ಬ್ಯಾಕ್ಟೀರಿಯಾದೊಳಗಿನ ಅಪ್ಪಣೆಗಳ ಆಯುಷ್ಯ ಕೆಲವೇ ನಿಮಿಷ.