ಮಿದುಳಿನ ಬಾಗಿಲಲ್ಲಿ ಕೊಬ್ಬಿನ ಹನಿ

ನೆತ್ತರಲ್ಲಿ ತೇಲುತ್ತಿದ್ದ ಕೊಬ್ಬಿನ ಹನಿಯೊಂದಕ್ಕೆ ಹುಟ್ಟಿದಂದಿನಿಂದ ಒಂದೇ ಹಂಬಲ. ಮಿದುಳಿನೊಳಗೆ ಹೋಗಬೇಕು, ಅಲ್ಲಿಯ ದೀಪಕ್ಕೆ ತಾನು ಎಣ್ಣೆಯಾಗಬೇಕು. ಸುತ್ತು ಬಂದಾಗಲೆಲ್ಲ ಅದು ಬಾಗಿಲಲ್ಲಿ ನಿಲ್ಲುತ್ತಿತ್ತು. ಅದರ ಕಣ್ಣೆದುರೇ ಸಕ್ಕರೆಯ ಕಣಗಳು ಸಲೀಸಾಗಿ ಒಳಗೆ ಹೋಗುತ್ತಿದ್ದವು.

"ಅಯ್ಯಾ, ಆ ಸಕ್ಕರೆಗಿಂತ ಎರಡು ಪಟ್ಟು ಕಸುವು ನನ್ನಲ್ಲಿದೆ," ಎಂದಿತು ಹನಿ, ಬಾಗಿಲ ಕಾವಲುಗಾರನಿಗೆ.

"ಇರಬಹುದು. ನಿನ್ನ ಗಾತ್ರಕ್ಕೆ ಈ ಬಾಗಿಲು ಸಾಲದು," ಎಂದ ಕಾವಲುಗಾರ.

ಹೀಗಿರಲು ಆ ದೇಹದ ಒಡೆಯನಾದ ಮುದುಕ ಮೂರು ದಿನ ನಿರಾಹಾರ ವ್ರತ ಹಿಡಿದ. ಸಕ್ಕರೆ ತೀರುತ್ತ ಬಂತು. ಮಿದುಳಿನ ದೀಪ ಮಂಕಾಗತೊಡಗಿತು. ಹನಿ ತಡೆಯಲಾರದೆ, ಕೊಬ್ಬನ್ನು ಒಡೆಯುವ ಯಕೃತ್ತಿನ ಬಳಿಗೆ ಓಡಿತು.

"ಚೂರು ಚೂರಾದರೆ ಒಳಗೆ ಹೋಗಬಹುದು, ಮಗೂ," ಎಂದಳು ಯಕೃತ್ತಮ್ಮ. "ಆದರೆ ಆಮೇಲೆ ನೀನು ನೀನಾಗಿರುವುದಿಲ್ಲ."

ಹನಿ ಅವಳ ಮುಂದೆ ಬಂದು ನಿಂತಿತು. "ಒಡೆದುಬಿಡಮ್ಮಾ," ಎಂದಿತು.

ಚೂರುಗಳು ಬಂದಾಗ ಕಾವಲುಗಾರ ತಡೆಯದೆ ದಾರಿ ಬಿಟ್ಟ. ಕೊನೆಯ ಚೂರನ್ನು ಮಾತ್ರ ನಿಲ್ಲಿಸಿ ಕೇಳಿದ: "ದಿನಾ ಇಲ್ಲಿ ಬಂದು ನಿಲ್ಲುತ್ತಿದ್ದ ಕೊಬ್ಬಿನ ಹನಿ ಎಲ್ಲಾದರೂ ಕಂಡಿತೆ? ಪಾಪ, ಎಷ್ಟು ಆಸೆಪಟ್ಟಿತ್ತು."

"ಅದು ಇನ್ನು ಬರುವುದಿಲ್ಲ, ಅಯ್ಯಾ," ಎಂದು ಚೂರು ದೀಪದತ್ತ ನಡೆಯಿತು.