ಎಲೆ ಮೂಡಿದ ಐರಾಣಿ

ಕೆಮ್ಮಣ್ಣಹಾಳದ ಕುಂಬಾರ ಓಣಿಯಲ್ಲಿ, ಮಡಕೆ ಸುಡುವ ಆವಿಗೆಯ ಪಕ್ಕದ ಗುಡಿಸಲಿನಲ್ಲಿ ಪರಮಪೂಜ್ಯ ನಿಜಾಂಬಾ ತಾಯಿಯವರು ಒಂದು ಬೇಸಗೆ ತಂಗಿದ್ದರು. ಉಂಡ ಅನ್ನದ ಋಣಕ್ಕೆಂದು ದಿನವೂ ತಾವೇ ಮಣ್ಣು ತುಳಿಯುತ್ತಿದ್ದರು. ಮಠ ಬಿಟ್ಟು ಮಣ್ಣು ತುಳಿಯುವ ಇವರೆಂಥ ಸಂತರು ಎಂದು ಮನೆಯ ಯಜಮಾನ ಯಮನಪ್ಪನಿಗೆ ಒಳಗೊಳಗೇ ನಗು.

ಯಮನಪ್ಪನದೊಂದು ಹಟ. ಹೊಗೆಯ ಕಲೆ ಬಿದ್ದ ಮಡಕೆ ಎಷ್ಟೇ ಗಟ್ಟಿಯಿದ್ದರೂ ಅವನ ಅಂಗಳ ದಾಟಬಾರದು; ಅಲ್ಲೇ ದೊಣ್ಣೆಯೇಟು. ಈ ಹಟ ಮಡಕೆಗಷ್ಟೇ ನಿಂತಿದ್ದರೆ ಕೇಳಲು ನಾವ್ಯಾರು? ಮೂರು ವರ್ಷದ ಹಿಂದೆ ಗಾಳಿ ತಿರುಗಿ ಆವಿಗೆಯ ಉರಿ ಅವನ ಮೇಲೆ ನುಗ್ಗಿದಾಗ ಮಗಳು ಹೊನ್ನವ್ವ ಅಡ್ಡ ಬಂದಿದ್ದಳು. ತಂದೆ ಉಳಿದ, ಮಗಳ ಕೆನ್ನೆ ಸುಟ್ಟಿತು. ಅಂದಿನಿಂದ ಅವಳ ವಾಸ ಹಸಿ ಮಡಕೆ ಆರಿಸುವ ಹಿತ್ತಲ ಕೋಣೆಯಲ್ಲಿ. ಕೇಳಿದವರಿಗೆ ಸೋದರತ್ತೆಯ ಊರಲ್ಲಿದ್ದಾಳೆ ಎನ್ನುತ್ತಿದ್ದ.

ಗೌಡರ ಮನೆಯ ಮದುವೆಗೆ ಐರಾಣಿ, ಅಂದರೆ ಪೂಜೆಗಿಡುವ ಐದು ಮಂಗಲ ಮಡಕೆ, ಇವನೇ ಕೊಡಬೇಕು. ಆವಿಗೆ ಹೂಡುವ ದಿನವೇ ಗೌಡರ ಕರೆ ಬಂತು. “ನಾ ಹೂಡತೀನಿ, ನೀ ಹೋಗಿ ಬಾರಪ್ಪಾ” ಎಂದರು ತಾಯಿಯವರು.

ಮದುವೆಯ ಬೆಳಿಗ್ಗೆ ಯಮನಪ್ಪ ಬೂದಿ ಸರಿಸಿ ನೋಡಿದ. ಕೆಂಪು ಮಡಕೆಗಳ ಮೈತುಂಬ ಕರಿ ಕಲೆ! ಒರೆಸಿದರೆ ಬೇವಿನ ಎಲೆ, ಹುಣಸೆಯ ಚಿಗುರು, ಗರಿಕೆ, ನರನರವೂ ಮೂಡಿತ್ತು. ಯಾರೋ ತೆಳು ಮಣ್ಣಿನ ಲೇಪದಡಿ ಹಸಿ ಎಲೆ ಅಂಟಿಸಿದ್ದರು; ಎಲೆ ಸುಟ್ಟು, ಅದರ ಕಪ್ಪು ಉಳಿದಿತ್ತು. ಅತ್ತ ಐರಾಣಿ ಒಯ್ಯಲು ಬರುವ ಮುತ್ತೈದೆಯರ ಮುಂದೆ ಬಾರಿಸುವ ಹಲಗೆಯ ಸದ್ದು ಓಣಿಯ ತುದಿಗೆ ಬಂದೇಬಿಟ್ಟಿತು.

“ಇದೇನ್ ಮಾಡೀರಿ ತಾಯೀ! ನನ್ನ ಮಾನ ಹೋತಲ್ರೀ!”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎತ್ತಿಯೇಬಿಟ್ಟ. ತಾಯಿಯವರು ತಡೆಯಲಿಲ್ಲ.

“ತಟ್ಟಿ ನೋಡು” ಎಂದರಷ್ಟೆ.

ಬೆರಳಿನಿಂದ ತಟ್ಟಿದ. ಠಣ್ ಎಂದಿತು.

“ಗಟ್ಟಿ ಐತಿ. ಆದ್ರೂ ಕಲಿ ಐತಿ, ಒಡಿ. ಆದ್ರ ನಾ ಕೊಟ್ಟ ಈ ಎಲಿ ಅಂಟಿಸಿದಾಕಿ ಹಿತ್ತಲ ಕ್ವಾಣ್ಯಾಗ ಅದಾಳ. ಆಕಿಗೂ ಇದ ಬೆಂಕಿ ತಾಗೇತಿ. ಮೊದಲ ಪೆಟ್ಟು ಆಕಿಗೆ ಹಾಕು” ಎಂದರು ತಾಯಿಯವರು.

ಯಮನಪ್ಪನಿಗೆ ಸಿಡಿಲು ಬಡಿದಂತಾಯಿತು. ಎತ್ತಿದ ದೊಣ್ಣೆ ಕೆಳಗಿಟ್ಟ. ತಾನು ಮೂರು ವರ್ಷ ಮಾಡಿದ್ದೂ ಅದನ್ನೇ ಎಂದು ಆಗ ತಿಳಿಯಿತು. ಓಡಿಹೋಗಿ ಚಿಲಕ ತೆಗೆದ. “ಬಾರ ಯವ್ವಾ” ಎಂದು ಮಗಳ ಕೈ ಹಿಡಿದು ಅಂಗಳಕ್ಕೆ ಕರೆತಂದ.

ಅಂಗಳಕ್ಕೆ ಬಂದ ಮುತ್ತೈದೆಯರು ಆ ಮುಖ ಕಂಡು ಗಕ್ಕನೆ ನಿಂತರು. ಹಲಗೆ ನಿಂತಿತು.

“ಈಕಿ ನನ್ನ ಮಗಳ್ರೀ. ಊರಿಗೆಲ್ಲ ಸುಳ್ಳು ಹೇಳಿದ್ದೆ. ನನಗ ತಾಗೋ ಬೆಂಕಿ ಈಕಿಗೆ ತಾಗೇತ್ರಿ” ಎಂದ ಯಮನಪ್ಪ.

ಹಿರಿಯಳೊಬ್ಬಳು ಮುಂದೆ ಬಂದು, ಐರಾಣಿಗೆಂದು ತಂದ ಅರಿಸಿನವನ್ನು ಮೊದಲು ಆ ಸುಟ್ಟ ಕೆನ್ನೆಗೆ ಹಚ್ಚಿದಳು. ಹೊನ್ನವ್ವ ಐದೂ ಮಡಕೆಗಳನ್ನು ತನ್ನ ಕೈಯಾರೆ ಎತ್ತಿಕೊಟ್ಟಳು.

ತಾಯಿಯವರು ಆಗಲೇ ಮಣ್ಣು ತುಳಿಯಲು ಹೋಗಿದ್ದರು. ಯಮನಪ್ಪ ಅವರ ಕೆಸರುಗಾಲಿಗೆ ಹಣೆ ಹಚ್ಚಿ, ತಾನೂ ತುಳಿಯಲು ಇಳಿದ. ಮುಂದಿನ ಆವಿಗೆಗೆ ಅವನು ಹಾಕಿದ ಮೊದಲ ಉರುವಲು ಆ ದೊಣ್ಣೆ.