ಬೂದಿಯ ಮೇಲಿನ ಹೆಜ್ಜೆ

ಹೊಳೆಯ ದಂಡೆಯ ಮೇಲೆ ನೀಲಕಂಠಜ್ಜನವರ ಮಠ. ಅಲ್ಲಿ ಇಬ್ಬರು ಶಿಷ್ಯರು, ಮಡಿವಾಳಯ್ಯ ಮತ್ತು ಸಂಗಯ್ಯ.

ಅಜ್ಜ ಒಂದು ತಾವರೆ ಗೆಡ್ಡೆಯನ್ನು ಎರಡು ತುಂಡು ಮಾಡಿ ಇಬ್ಬರಿಗೂ ಕೊಟ್ಟಿದ್ದರು. ಮಡಿವಾಳಯ್ಯ ತನ್ನದನ್ನು ಕೊಳದಲ್ಲಿ ನೆಟ್ಟ. ಸಂಗಯ್ಯನಿಗೆ ಉಳಿದದ್ದು ದನಗಳು ನೀರು ಕುಡಿಯುತ್ತಿದ್ದ ಹಳೆಯ ಕಲ್ಲಿನ ತೊಟ್ಟಿ. ಅಂದರೆ ಗಿಡ ಒಂದೇ, ಜಾಗ ಮಾತ್ರ ಬೇರೆ.

"ಮೊದಲ ಹೂ ತಂದ ದಿನ ಉಪದೇಶ," ಎಂದಿದ್ದರು ಅಜ್ಜ.

ಸಂಗಯ್ಯ ಎರಡನೆಯ ಬೇಸಿಗೆಗೇ ಹೂ ತಂದ, ಉಪದೇಶ ಪಡೆದ. ಊರೂರು ತಿರುಗಿ ಭಿಕ್ಷೆ ತರುವ ಕೆಲಸವೂ ಅವನದೇ.

ಮಡಿವಾಳಯ್ಯ ಮಠ ಬಿಟ್ಟು ಕದಲುತ್ತಿರಲಿಲ್ಲ. ವಾರಕ್ಕೆರಡು ಬುಟ್ಟಿ ಗೊಬ್ಬರ ಹಾಕುತ್ತಿದ್ದ. ಮೂರು ವರ್ಷವಾದರೂ ಕೊಳದಲ್ಲಿ ಬರೀ ಎಲೆ, ನೀರು ಕಾಣದಷ್ಟು ಎಲೆ. ಇಷ್ಟು ಸೊಂಪಾದ ಗಿಡ ಹೂ ಬಿಡದೆ ಇರುತ್ತದೆಯೇ? ಯಾರೋ ಮೊಗ್ಗು ಕೀಳುತ್ತಿದ್ದಾರೆ. ಯಾರೋ ಎಂದರೆ, ಅವನ ಲೆಕ್ಕದಲ್ಲಿ, ಸಂಗಯ್ಯ.

"ಅಜ್ಜಾರ, ಸಂಗ್ಯಾ ನನ್ನ ಮೊಗ್ಗು ಕದೀತಾನ."

"ನೋಡೀಯೇನು?"

"ನೋಡಿಲ್ಲ. ಮುಂಜಾನೆ ಹೋಗೂವಾಗನ ಅವನ ಜೋಳಿಗಿ ಉಬ್ಬಿರತೈತಿ."

"ಅದರಾಗ ನನ್ನ ಕಂಬಳಿ ಐತಿ, ಅಣ್ಣಾ," ಎಂದ ಸಂಗಯ್ಯ. "ಬೇಕಾದ್ರ ಮೂಸಿ ನೋಡು."

ಮಡಿವಾಳಯ್ಯ ನಿಜವಾಗಿಯೂ ಮೂಸಿದ. ಕಂಬಳಿಯ ವಾಸನೆಯೇ ಬಂತು. ಆದರೂ ಅನುಮಾನ ಹೋಗಲಿಲ್ಲ.

"ಕೊಳದ ಸುತ್ತ ಬೂದಿ ಚೆಲ್ಲು," ಎಂದರು ಅಜ್ಜ. "ಬಂದವರ ಹೆಜ್ಜಿ ಮೂಡತಾವ. ಒಂದು ವಾರ ಅಳಸಬ್ಯಾಡ."

ಎಂಟನೆಯ ದಿನ ಮೂವರೂ ಹೋಗಿ ನೋಡಿದರು. ಬೂದಿಯಲ್ಲಿ ಒಬ್ಬನದೇ ಹೆಜ್ಜೆ. ಹೆಬ್ಬೆರಳು ಒಳಕ್ಕೆ ತಿರುಗಿದ್ದ, ಮಡಿವಾಳಯ್ಯನ ಹೆಜ್ಜೆ. ಗೊಬ್ಬರ ಹೊತ್ತು ಹೋಗಿ ಬಂದದ್ದು.

"ಕಳ್ಳ ಸಿಕ್ಕ," ಎಂದರು ಅಜ್ಜ.

"ನಾನಾ?"

"ಕೊಳಕ್ಕ ಇಳಿ. ಕೆಸರಿನಾಗ ಕೈ ಹಾಕು."

ತೋಳಿನಷ್ಟು ದಪ್ಪದ ಗೆಡ್ಡೆ ಕೈಗೆ ಸಿಕ್ಕಿತು. ಮಡಿವಾಳಯ್ಯ ಅದರ ಜಾಡು ಹಿಡಿದು ಹೋದ. ಅದು ಕವಲೊಡೆದಿತ್ತು, ಕವಲು ಮತ್ತೆ ಕವಲೊಡೆದಿತ್ತು. ಆಚೆ ದಡದವರೆಗೂ ಅದೇ ಗಿಡ.

"ಹೊಟ್ಟಿ ತುಂಬೈತಿ, ಜಾಗಾನೂ ಐತಿ," ಎಂದರು ಅಜ್ಜ. "ತನ್ನಂಥದನ್ನ ಮತ್ತ ಮತ್ತ ಮಾಡಕೊಂತ ಹೊಂಟೈತಿ. ಅದಕ್ಕ ಹೂ ಯಾಕ ಬೇಕು?"

"ಮತ್ತ ತೊಟ್ಟ್ಯಾಗಿಂದು?"

"ಎರಡು ಮೊಳ ಹೋದ್ರ ಕಲ್ಲು ತಾಗತೈತಿ. ತಾನು ಹೋಗಾಕ ಆಗದ ಕಡೆ ಹೂ ಬಿಟ್ಟು ಬೀಜ ಕಳಸಬೇಕು ಅದು."

ಮಡಿವಾಳಯ್ಯ ಮೇಲೆ ಬಂದ. "ಹಂಗಾದ್ರ ಗೊಬ್ಬರ ನಿಲ್ಲಸತೀನಿ. ನನ್ನ ಉಪದೇಶ ಯಾವಾಗ?"

ಅಜ್ಜ ಸಂಗಯ್ಯನ ಹೆಗಲಿನಿಂದ ಜೋಳಿಗೆ ತೆಗೆದು, ಮಡಿವಾಳಯ್ಯನ ಕೆಸರಿನ ಕೈಗೆ ಕೊಟ್ಟರು.

ಮಡಿವಾಳಯ್ಯನ ಕಣ್ಣು ಕಿರಿದಾಯಿತು. "ನನ್ನ ಹೊರಗ ಹಾಕಿ ಮಠಾ ಇವನಿಗೆ ಕೊಡತೀರೇನು?"

"ಹೊಳಿ ಆಚಿ ಊರಾಗ ನಿನ್ನ ಗುರುತು ಯಾರಿಗೂ ಇಲ್ಲ," ಎಂದರು ಅಜ್ಜ. "ಮೊದಲ ಮನಿ ಬಾಗಿಲಾ ಅಲ್ಲಿ ಬಡಿ. ನಿನಗೂ ಒಂದು ಕಲ್ಲು ತಾಗಲಿ."